ಶಂಭುಲಿಂಗಯ್ಯನವರ ಭಾನುವಾರದ ಸೈಕಲ್ಲು

ತಿಪಟೂರಿನ ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಶಂಭುಲಿಂಗಯ್ಯನವರದು ಅಪ್ಪನ ಕಾಲದಿಂದ ಬಂದ ಮಂಡಿ. ಸುತ್ತಲ ಹಳ್ಳಿಗಳ ತೋಟದವರು ಗಾಡಿಯಲ್ಲೋ ಲಾರಿಯಲ್ಲೋ ಕೊಬ್ಬರಿ ತಂದು ಇಳಿಸುತ್ತಿದ್ದರು. ಇವರು ಅದನ್ನು ಉತ್ತರ ಭಾರತದ ಕಡೆಯಿಂದ ಬರುವ ಖರೀದಿದಾರರಿಗೆ ಮಾರಿಸಿ, ತಮ್ಮ ದಲಾಲಿ ಹಿಡಿದುಕೊಂಡು, ಉಳಿದದ್ದನ್ನು ತೋಟದವರಿಗೆ ಕೊಡುತ್ತಿದ್ದರು. ಮದುವೆಯಾದ ವರ್ಷ ಗಾದಿಯ ಮೇಲೆ ಕೂತವರು ಐವತ್ತರ ಹತ್ತಿರ ಬಂದರೂ ಎದ್ದಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೊಂದರ ಬೇಸಿಗೆಯಲ್ಲಿ ಒಂದು ದಿನ ಮೂಟೆಯೊಂದರ ಬಾಯಿ ಬಿಚ್ಚಿಕೊಂಡು ಒಂದು ಕೊಬ್ಬರಿ ಉರುಳುತ್ತ ಬಂದು ಗಾದಿಯ ಮುಂದೆ ನಿಂತಿತು. ಎತ್ತಿಕೊಳ್ಳೋಣವೆಂದು ಬಗ್ಗಿದರು. ಕೈ ಮುಟ್ಟಲಿಲ್ಲ, ಹೊಟ್ಟೆ ಅಡ್ಡ ಬಂತು. ಉಸಿರು ಬಿಗಿಹಿಡಿದು ಇನ್ನೊಮ್ಮೆ ಬಗ್ಗಿದಾಗ ಹುಳಿತೇಗು ಎದ್ದು, ಬೆಳಿಗ್ಗೆ ತಿಂದ ಉದ್ದಿನವಡೆಯ ಎಣ್ಣೆ ಗಂಟಲಿಗೆ ಬಂತು. ಆಚೆ ಕೂತು ಕೊಬ್ಬರಿ ಆರಿಸುತ್ತಿದ್ದ ಹೆಂಗಸೊಬ್ಬಳು ನಗು ನುಂಗಿಕೊಂಡು ಎದ್ದು ಬಂದು, ಅದನ್ನೆತ್ತಿ ಅವರ ಕೈಗೇ ಇಟ್ಟು ಹೋದಳು.

ಶಂಭುಲಿಂಗಯ್ಯನವರಿಗೆ ಮೈಯೆಲ್ಲ ಹೇಸಿಗೆಯಾಯಿತು. ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಹಾಗೇ ಕಂಡಿತು. ಮೂಲೆಯ ಗೋಡೆಗೆ ಇಷ್ಟು ವರ್ಷ ಬಂದವರೆಲ್ಲ ಉಗಿದ ಎಲೆಯಡಿಕೆಯ ಕೆಂಪು ಒಣಗಿ ಚಕ್ಕೆ ಎದ್ದಿತ್ತು. ಒಳಗಿನ ಗೋದಾಮಿನಿಂದ ಕೆಟ್ಟ ಕೊಬ್ಬರಿಯ ಕಮಟು ವಾಸನೆ ಬರುತ್ತಿತ್ತು. ಅದೇ ವಾಸನೆ ತಮ್ಮ ಅಂಗಿಯಲ್ಲೂ ಇದೆ, ತಲೆದಿಂಬಿನಲ್ಲೂ ಇದೆ ಎಂಬುದು ಅವರಿಗೆ ಆವತ್ತು ಗೊತ್ತಾಯಿತು. ಎದ್ದು ನಿಂತು ನೋಡಿದರೆ ಗಾದಿಯ ಮಧ್ಯೆ ಅವರ ಅಂಡಿನ ಆಕಾರದ ಹೊಂಡ, ಜಿಡ್ಡು ಹಿಡಿದು ಮಿರುಗುತ್ತಿತ್ತು.

ಹೈಸ್ಕೂಲಿನ ದಿನಗಳಲ್ಲಿ ಅವರು ಹೀಗಿರಲಿಲ್ಲ. ಭಾನುವಾರ ಬಂತೆಂದರೆ ಬಾಡಿಗೆ ಸೈಕಲ್ ಹಿಡಿದು ಗೆಳೆಯ ಶ್ರೀರಂಗಯ್ಯನ ಜೊತೆ ನೊಣವಿನಕೆರೆಗೆ ಹೋಗಿ ಕೆರೆ ಏರಿಯ ಮೇಲೆ ಕೂತು ಬರುತ್ತಿದ್ದರು. ಒಂದು ಸಲ ತುರುವೇಕೆರೆಯನ್ನೂ ದಾಟಿ ಮಾಯಸಂದ್ರದವರೆಗೆ ತುಳಿದು, ಕತ್ತಲಾದ ಮೇಲೆ ಮನೆ ಸೇರಿ ಅಪ್ಪನ ಕೈಲಿ ಏಟು ತಿಂದಿದ್ದರು. ಕೆಲಸವಿದ್ದು ಹೋದವರಲ್ಲ. ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಕೂಗಿಕೊಂಡು ಹೋಗುವ ಸುಖಕ್ಕೆ ಹೋಗುತ್ತಿದ್ದರು. ಮಂಡಿಗೆ ಕೂತ ಮೇಲೆ ಅಪ್ಪ, “ಸೈಕಲ್ ತುಳ್ಯೋನ ಹತ್ರ ಯಾವನಪ್ಪ ಕೊಬ್ಬರಿ ತಂದಾಕ್ತಾನೆ?” ಎಂದಿದ್ದರು. ಅಲ್ಲಿಗೆ ಅದು ನಿಂತಿತು.

ಆ ಸಂಜೆಯೇ ಅವರು ಗಂಗಾಧರಯ್ಯನ ಸೈಕಲ್ ಅಂಗಡಿಗೆ ಹೋದರು.

“ಯಾರ್ಗೆ ಸಾವ್ಕಾರ್ರೇ? ಮಂಡಿ ಆಳ್ಗಾ?” ಎಂದ ಗಂಗಾಧರಯ್ಯ.

“ನನಗೆ.”

ಗಂಗಾಧರಯ್ಯ ಇವರ ಹೊಟ್ಟೆ ನೋಡಿದ, ಸೀಟು ನೋಡಿದ, ಒಳಗೆ ಹೋಗಿ ದಪ್ಪ ಸ್ಪ್ರಿಂಗಿನ ಇನ್ನೊಂದು ಸೀಟು ತಂದ. ಹಸಿರು ಬಣ್ಣದ ಹೊಸ ಸೈಕಲ್ಲು. ಮಡ್‌ಗಾರ್ಡಿಗೆ ಸುತ್ತಿದ್ದ ಕಾಗದವನ್ನು ಶಂಭುಲಿಂಗಯ್ಯನವರು ತಾವೇ ಬಿಚ್ಚಿದರು. ಹೊಸ ರಬ್ಬರಿನ ವಾಸನೆ ಮೂಗಿಗೆ ಬಂದಾಗ ಆ ದಿನದಲ್ಲಿ ಮೊದಲ ಸಲ ಉಸಿರು ಒಳಗೆಳೆದುಕೊಳ್ಳಬೇಕೆನ್ನಿಸಿತು.

ಮನೆಯಲ್ಲಿ ಹೆಂಡತಿ ವಿಮಲಮ್ಮ ಬಾಗಿಲಲ್ಲೇ ನಿಂತು ನೋಡಿದರು.

“ಏನ್ರೀ ಇದು?”

“ಸೈಕಲ್ಲು ಕಣೇ.”

“ಅದು ಕಾಣುತ್ತೆ ಬುಡಿ. ಪಕ್ಕದ ಮಂಡಿಯೋರು ಕಾರ್ ತಗೊಂಡವ್ರೆ. ಸ್ಕೂಟರಿಗಾದ್ರೂ ಹೆಸರು ಬರೆಸ್ರೀ ಅಂತ ನಾನು ಬಡ್ಕೊಳ್ತಾ ಇದೀನಿ. ನೀವು ಇದನ್ನ ತಂದಿದೀರಲ್ಲ! ಎಲ್ಲಿಗೆ ಹೋಗಕ್ಕೆ?”

“ಎಲ್ಲಿಗೂ ಇಲ್ಲ. ಸುಮ್ನೆ ಒಂದು ರೌಂಡು.”

“ಸುಮ್ನೆ!” ಎಂದರು ವಿಮಲಮ್ಮ.

ಮೊದಲ ಭಾನುವಾರ ಪೈಜಾಮದ ಕಾಲಿಗೆ ಕ್ಲಿಪ್ಪು ಹಾಕಿಕೊಂಡು ಹೊರಟ ಶಂಭುಲಿಂಗಯ್ಯನವರು ಊರು ದಾಟುವುದರೊಳಗೆ ಬೆವೆತು ತೊಯ್ದರು. ಮೊದಲ ಏರಿಗೇ ಎದೆ ಡವಡವ ಎಂದು, ಇಳಿದು ಹುಣಸೆಮರ ಹಿಡಿದುಕೊಂಡು ವಾಂತಿ ಮಾಡಿದರು. ಕಾಫಿಯ ಜೊತೆಗೆ ಹಿಂದಿನ ರಾತ್ರಿಯ ತುಪ್ಪದನ್ನವೂ ಬಂತು. ಅಲ್ಲಿದ್ದ ನಾಯಿಯೊಂದು ಮೂಸಿ ನೋಡಿ ತಿನ್ನದೆ ಹೋಯಿತು. ‘ಥೂ, ಇದನ್ನ ನಾನು ಇಷ್ಟು ವರ್ಷ ಹೊತ್ಕೊಂಡು ತಿರುಗಿದೀನಲ್ಲ’ ಎಂದು ತಮ್ಮ ಹೊಟ್ಟೆಯನ್ನೇ ಬೈದುಕೊಂಡು ಸೈಕಲ್ಲು ತಳ್ಳಿಕೊಂಡು ವಾಪಸ್ಸು ಬಂದರು. ಕೂತರೆ ನೋವು, ನಿಂತರೆ ನೋವು. ಆದರೂ ಮುಂದಿನ ಭಾನುವಾರ ಹೊರಟರು. ಅದರ ಮುಂದಿನದಕ್ಕೂ ಹೊರಟರು. ಮುಂಗಾರು ಶುರುವಾಗುವ ಹೊತ್ತಿಗೆ ಆ ಏರನ್ನು ಇಳಿಯದೆ ಹತ್ತಿದರು. ಇನ್ನೊಂದಿಷ್ಟು ದಿನ ಕಳೆದ ಮೇಲೆ ನೊಣವಿನಕೆರೆ ಮುಟ್ಟಿದರು. ಊರಿಗೆ ಮುಂಚಿನ ಇಳಿಜಾರಿನಲ್ಲಿ ಎರಡೂ ಕಡೆಯ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದಾಗ, ಯಾರೂ ಇಲ್ಲವೆಂದು ನೋಡಿಕೊಂಡು, ಒಂದು ಕೈಯನ್ನಷ್ಟೇ ಹ್ಯಾಂಡಲಿನಿಂದ ಬಿಟ್ಟರು.

ಆ ಸುಖವನ್ನು ಜನ ಉಳಿಸಲಿಲ್ಲ.

ಮೊದಲಿಗೆ ಬಂದವನು ಭಾವಮೈದ ಬೆಟ್ಟಸ್ವಾಮಿ. ತುರುವೇಕೆರೆಯಿಂದ ಬಸ್ಸಿನಲ್ಲಿ ಬಂದು, ಅಕ್ಕ ಕೊಟ್ಟ ಕಾಫಿ ಕುಡಿದು, ದನಿ ತಗ್ಗಿಸಿ, “ಭಾವ, ಮಂಡೀಲಿ ಏನಾರ ಹೆಚ್ಚುಕಮ್ಮಿ ಆಗಿದ್ರೆ ನಮ್ ಹತ್ರ ಹೇಳ್ಬಾರ್ದಾ? ಊರೆಲ್ಲ ಮಾತಾಡ್ತಾ ಐತೆ” ಎಂದ.

“ಏನಂತ?”

“ದಿವಾಳಿ ಅಂತ.”

“ನನಗೆ ಸೈಕಲ್ ತುಳಿಯಕ್ಕೆ ಇಷ್ಟ ಕಣಯ್ಯ, ಅದಕ್ಕೆ ತಗೊಂಡೆ.”

ಬೆಟ್ಟಸ್ವಾಮಿ ಅಕ್ಕನ ಮುಖ ನೋಡಿದ. ಅಕ್ಕ ಗೋಡೆ ನೋಡಿದರು. ಮನೆತನದ ಮರ್ಯಾದೆ ಉಳಿಸುವ ಭಾರ ತನ್ನ ಮೇಲೆ ಬಿದ್ದಿದೆ ಎಂದು ಅವನಿಗೆ ಅನಿಸಿರಬೇಕು. ಭಾವನಿಗೆ ಸಕ್ಕರೆ ಕಾಯಿಲೆ ಬಂದಿದೆ, ಡಾಕ್ಟರೇ ಸೈಕಲ್ಲು ಹೊಡೆಯಲು ಹೇಳಿದ್ದಾರೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದ. ಮುಂದಿನ ತಿಂಗಳು ಒಂದು ಮದುವೆಯ ಪಂಕ್ತಿಯಲ್ಲಿ ಬಡಿಸುವವನು ಹೋಳಿಗೆಯ ತಟ್ಟೆಯನ್ನು ಶಂಭುಲಿಂಗಯ್ಯನವರ ಎಲೆಯ ಮೇಲಿನಿಂದ ದಾಟಿಸಿ ಪಕ್ಕದವರಿಗೆ ಹಾಕಿದ. ಪಕ್ಕದವರು ಬಾಯ್ತುಂಬ ತುಂಬಿಕೊಂಡು, ಗಲ್ಲದ ಮೇಲೆ ತುಪ್ಪ ಇಳಿಸಿಕೊಳ್ಳುತ್ತ, “ಏನ್ ಮಾಡಾದು, ಹಣೇಲಿ ಬರೆದಿದ್ದು ಅನುಭವಿಸ್ಬೇಕು” ಎಂದು ಇವರ ತೊಡೆ ತಟ್ಟಿದರು. ಇಲ್ಲದ ಕಾಯಿಲೆಗೆ ಇವರು ಎಷ್ಟು ಸುಖವಾಗಿ ಮರುಗುತ್ತಿದ್ದಾರಲ್ಲ ಎಂದು ಶಂಭುಲಿಂಗಯ್ಯನವರಿಗೆ ಅನ್ನ ಸೇರಲಿಲ್ಲ. ಪಂಕ್ತಿಯಿಂದ ನಡುವೆ ಏಳುವಂತಿರಲಿಲ್ಲವಾದ್ದರಿಂದ ಎಲೆ ನೋಡಿಕೊಂಡು ಕೂತರು.

ಸುಮ್ಮನೆ ಬಂದಿದ್ದೇನೆ ಎಂದರೆ ನಂಬುವವನು ಒಬ್ಬನಾದರೂ ಇದ್ದಾನೆ ಎಂದು ಅವರಿಗೆ ನೆನಪಾದದ್ದು ಆಗಲೇ. ಶ್ರೀರಂಗಯ್ಯ ನೊಣವಿನಕೆರೆಯ ಆಚೆ ಮಣ್ಣುರಸ್ತೆಯಲ್ಲಿ ಸಿಗುವ ಕಲ್ಲುಕೆರೆಪಾಳ್ಯದಲ್ಲಿ ತೋಟ ಮಾಡಿಕೊಂಡಿದ್ದ. ತನ್ನ ಕೊಬ್ಬರಿಯನ್ನು ಇವರ ಮಂಡಿಗೇ ಹಾಕುತ್ತಿದ್ದ. ಆದರೆ ಮಂಡಿಯಲ್ಲಿ ಸಿಕ್ಕಾಗ ಗೆಳೆತನದ ಮಾತು ಆಡಿ ಎಷ್ಟೋ ಕಾಲವಾಗಿತ್ತು.

ಸೈಕಲ್ಲು ಜಗಲಿಯ ಮುಂದೆ ನಿಂತ ಕೂಡಲೇ ಶ್ರೀರಂಗಯ್ಯ ಓಡಿ ಬಂದು ಹ್ಯಾಂಡಲ್ ಹಿಡಿದುಕೊಂಡ. “ಲೇ ಶಂಭು! ಮಾಯಸಂದ್ರಕ್ಕೆ ಹೋಗಿದ್ದು ಗ್ಯಾಪಕ ಐತೇನ್ಲಾ? ಬಾ ಬಾ, ಕೂತ್ಕಾ.” ಎಳನೀರು ಕೆತ್ತಿಸಿಕೊಟ್ಟ. ಬೆಲ್ಲು ಬಾರಿಸಿ ನೋಡಿದ. ಶಂಭುಲಿಂಗಯ್ಯನವರಿಗೆ ಕಣ್ಣು ತುಂಬಿ ಬಂತು. ಸುಮ್ಮನೆ ಬಂದೆ ಕಣೋ ಎಂದಾಗ, “ಸುಮ್ನೆ ಬರಾದೇ ಸುಖ ಕಣ್ಲಾ” ಎಂದವನು ಅವನೊಬ್ಬನೇ.

ಅಲ್ಲಿಂದಾಚೆ ಭಾನುವಾರಗಳೆಲ್ಲ ಕಲ್ಲುಕೆರೆಪಾಳ್ಯಕ್ಕೆ ಹೋದವು. ಶ್ರೀರಂಗಯ್ಯ ಗೆಳೆಯನನ್ನು ಬರೀ ಜಗಲಿಯಲ್ಲಿ ಕೂರಿಸಿ ಕಳಿಸುತ್ತಿರಲಿಲ್ಲ. ಊರೊಳಗೆ ಸುತ್ತಾಡಿಸುತ್ತಿದ್ದ. ಈ ಮನೆಯ ಅಟ್ಟ ನೋಡು, ಆ ಮನೆಯ ಅಟ್ಟ ನೋಡು ಎಂದು, ಕೊಬ್ಬರಿಯಾಗಲೆಂದು ಜನ ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿಟ್ಟಿದ್ದ ಕಾಯಿಗಳನ್ನು ತೋರಿಸುತ್ತಿದ್ದ. ಮನೆಯವರು ಕೈಕಟ್ಟಿಕೊಂಡು ನಿಲ್ಲುತ್ತಿದ್ದರು. ನಡುವೆ ಇವರ ಕಿವಿಯ ಹತ್ತಿರ ಬಾಯಿ ತಂದು, “ನಿಮ್ಮನೇಲಿ ಎಲ್ಲ ಸಂದಾಕವ್ರಾ?” ಎಂದು ಪಿಸುಗುಟ್ಟಿ ಕೇಳುತ್ತಿದ್ದ. ಇದನ್ನು ಯಾಕೆ ಪಿಸುಗುಟ್ಟಬೇಕು ಎಂದು ಶಂಭುಲಿಂಗಯ್ಯನವರಿಗೆ ಹೊಳೆಯಲಿಲ್ಲ. ಹೂಂ ಎಂದು ತಲೆಯಾಡಿಸುತ್ತಿದ್ದರು.

ದಸರಾ ಕಳೆದು ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಕೊಬ್ಬರಿಯ ರೇಟು ಏರಿತು. ಮಂಡಿಯಲ್ಲಿ ಕೈಗೆ ಬಿಡುವಿಲ್ಲದೆ ಶಂಭುಲಿಂಗಯ್ಯನವರು ಎರಡು ಮೂರು ಭಾನುವಾರ ಸೈಕಲ್ಲು ಮುಟ್ಟಲಿಲ್ಲ. ಹಬ್ಬ ಮುಗಿದ ಮೇಲೆ ಮತ್ತೆ ಹೊರಟಾಗ, ಪಾಳ್ಯದ ಮೊದಲ ಮನೆಯ ಮುಂದೆ ಒಬ್ಬ ಮುದುಕಿ ದಾರಿಗೆ ಅಡ್ಡ ಬಂದು ನಿಂತಳು. ಹೊಂಬಾಳಮ್ಮ ಎಂದು ಅವಳ ಹೆಸರು. ಗಂಡ ಸತ್ತವಳು, ಮನೆಯ ಹಿಂದೆ ಒಂದಿಷ್ಟು ಮರ. ಅವಳ ಅಟ್ಟವನ್ನೂ ಶ್ರೀರಂಗಯ್ಯ ಹತ್ತಿಸಿ ತೋರಿಸಿದ್ದ.

“ನಿಂತ್ಕಳಿ ಸಾವ್ಕಾರ್ರೇ. ಹೊಟ್ಟೆ ತುಂಬ್ತಾ? ಇಲ್ಲ, ಇನ್ನೂ ಏನಾರ ಐತಾ ಅಂತ ನೋಡಕ್ಕೆ ಬಂದ್ರಾ?”

“ಏನಮ್ಮ? ಏನಾಯ್ತು?”

“ಅಯ್ಯೋ, ಏನೂ ತಿಳ್ಯದೋರು! ಈ ಸಲ ಬಡಗಲ ಸೀಮೆ ಯಾಪಾರಸ್ಥರು ಬರಾಕಿಲ್ಲ, ರೇಟು ನೆಲ ಕಚ್ತದೆ ಅಂತ ನಿಮ್ ಗೆಳೆಯ ರಂಗಯ್ಯನ ಕಿವೀಲಿ ಊದಿದ್ದು ಯಾರು? ಈ ಕಣ್ಣಾಗೇ ಕಂಡಿವ್ನಿ, ನಮ್ಮಟ್ಟದ ಕೆಳ್ಗೇ ನಿಂತ್ಕಂಡು ರಂಗಯ್ಯ ಪಿಸುಗುಟ್ಟಿದ್ಕೆ ನೀವು ಹೂಂ ಅಂತ ತಲೆ ಆಡಿಸ್ತಿದ್ದಿದ್ದ. ಬಿದ್ದೋಗಕ್ಕೆ ಮುಂಚೆ ನಂಗೇ ಕೊಟ್ಬುಡಿ ಅಂತ ಮನೆ ಮನೆ ತಿರುಗ್ದ ರಂಗಯ್ಯ. ಕೊಟ್ಟೋ. ಊರೇ ಕೊಡ್ತು. ಹದಿನೈದು ದಿನಕ್ಕೆ ರೇಟು ಅಷ್ಟೆತ್ತರಕ್ಕೆ ಹೋಯ್ತು. ಸೂರಿಗೆ ಹೆಂಚು ಹೊದಿಸ್ಬೇಕು ಅಂತ ಇಟ್ಕಂಡಿದ್ದೆ ನಾನು. ಕಾರಲ್ಲಿ ಬಂದ್ರೆ ಗುಟ್ಟು ರಟ್ಟಾಯ್ತದೆ ಅಂತ ಸೈಕಲ್ಲಲ್ಲಿ ಬಂದ್ರಂತೆ. ಥೂ!”

ಅವಳು ಉಗಿದದ್ದು ಮುಂದಿನ ಚಕ್ರದ ಮೇಲೆ ಬಿತ್ತು. ಶಂಭುಲಿಂಗಯ್ಯನವರು ಅದನ್ನು ಒರೆಸಲಿಲ್ಲ. ಸೈಕಲ್ಲು ತಳ್ಳಿಕೊಂಡೇ ಶ್ರೀರಂಗಯ್ಯನ ಮನೆಗೆ ಹೋದರು.

ಶ್ರೀರಂಗಯ್ಯ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಕೇಳಿದ್ದಕ್ಕೆ ಇಲ್ಲ ಎನ್ನಲೂ ಇಲ್ಲ. ಇವರ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ನಕ್ಕ.

“ನಾನೇನ್ ಸುಳ್ ಹೇಳಿದ್ನಾ? ಶಂಭು ಬಂದಿದ್ದ ಅಂದೆ. ಬಂದಿರ್ನಿಲ್ವಾ? ಜನ ತಾವಾಗೇ ಹೆದ್ರಕಂಡ್ರೆ ನಾನೇನ್ ಮಾಡ್ಲಿ?”

“ಬಡಗಲ ವ್ಯಾಪಾರಸ್ಥರು ಬರಲ್ಲ ಅಂತ ನಾನು ಯಾವಾಗ ಅಂದೆ?”

“ಅದು ಯಾಪಾರದ ಮಾತು ಕಣ್ಲಾ. ನೀನು ಗಾದಿ ಮ್ಯಾಲೆ ಕೂತು ಆಡಾಕಿಲ್ವಾ ಅಂಥವ್ನ? ನೋಡು, ನೀನು ಬಿಟ್ಟಿ ಬಂದೋಯ್ತಿದ್ದೆ. ಅದನ್ನ ನಾನು ಒಸಿ ಉಪಯೋಗ್ಸಕಂಡೆ. ನಿಂಗೇನ್ ಹೋಯ್ತು? ಆ ಕೊಬ್ಬರಿಯೆಲ್ಲ ಹಾಕಿದ್ದು ಎಲ್ಲಿಗೆ? ನಿನ್ ಮಂಡಿಗೇ ಹಾಕಿವ್ನಿ. ದಲಾಲಿ ಎಣಿಸ್ಕಂಡಿಲ್ವಾ?”

ಎಣಿಸಿಕೊಂಡಿದ್ದರು. ದೀಪಾವಳಿಗೆ ಮುಂಚೆ ಶ್ರೀರಂಗಯ್ಯನ ಹೆಸರಿನಲ್ಲಿ ಎಂದೂ ಇಲ್ಲದಷ್ಟು ಮೂಟೆ ಬಂದು ಇಳಿದಾಗ, ಗೆಳೆಯನ ತೋಟ ಈ ಸಲ ಚೆನ್ನಾಗಿ ಫಲ ಕೊಟ್ಟಿದೆ ಎಂದು ಸಂತೋಷವನ್ನೂ ಪಟ್ಟಿದ್ದರು. ಎಷ್ಟೋ ವರ್ಷ ಮೂಟೆ ನೋಡಿ ನೋಡಿ ಕಣ್ಣು ಸವೆಸಿಕೊಂಡವನಿಗೆ, ಒಬ್ಬನ ತೋಟದಲ್ಲಿ ಅಷ್ಟು ಬರುವುದು ಸಾಧ್ಯವಿಲ್ಲವೆಂದು ಗೊತ್ತಾಗಲಿಲ್ಲವೇ? ಗೊತ್ತಾಗಬೇಕು ಎಂದು ತಾನು ನೋಡಿಯೇ ಇರಲಿಲ್ಲ.

“ನಿನ್ ಪಾಲು ಬೇಕಾದ್ರೆ ಹೇಳು, ನಾನೇನ್ ಇಲ್ಲ ಅನ್ನಾಕಿಲ್ಲ” ಎಂದ ಶ್ರೀರಂಗಯ್ಯ. ಬಗ್ಗಿ, ಸೈಕಲ್ಲಿನ ಪಕ್ಕಕ್ಕೆ ಪಿಚಕ್ಕನೆ ಉಗಿದ. ಕೆಂಪು ಎಂಜಲಿನ ಎಳೆ ಅವನ ಕೆಳತುಟಿಯಿಂದ ಜೋತಾಡಿತು, ಅದನ್ನು ಹೆಬ್ಬೆರಳಿನಿಂದ ಒರೆಸಿ ಜಗಲಿಯ ಕಂಬಕ್ಕೆ ಸವರಿದ. ಅದೇ ಕೈಯನ್ನು ಇವರ ಹೆಗಲ ಮೇಲೆ ಇಡಲು ಬಂದ.

ಶಂಭುಲಿಂಗಯ್ಯನವರು ಎದ್ದುಬಿಟ್ಟರು. “ನಿನ್ನ ಕೊಬ್ಬರಿ ಇನ್ಮೇಲೆ ನನ್ನ ಮಂಡಿಗೆ ಬರಬಾರದು. ಬಂದ್ರೆ ಬೀದಿಗೆ ಸುರಿಸ್ತೀನಿ.”

“ಸುರಿಸ್ಲಾ ಸುರಿಸು. ಪಕ್ಕದ ಮಂಡಿಯೋನು ಚಾಪೆ ಹಾಸ್ಕಂಡು ಕಾಯ್ತಾವ್ನೆ” ಎಂದು ಶ್ರೀರಂಗಯ್ಯ ಮತ್ತೆ ನಕ್ಕ.

ಬೆಳಗಿನ ಹೊತ್ತು. ಊರ ಹಾಲಿನ ಡೈರಿಯ ಮುಂದೆ ಜನ ಕ್ಯಾನು ಹಿಡಿದು ನಿಂತಿದ್ದರು. ಶಂಭುಲಿಂಗಯ್ಯನವರು ಅಲ್ಲಿಗೆ ಹೋಗಿ, ಸ್ಟ್ಯಾಂಡು ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ನೋಡ್ರಪ್ಪ, ನಾನು ಈ ಊರಿಗೆ ಕೊಬ್ಬರಿ ನೋಡಕ್ಕೆ ಬಂದೋನಲ್ಲ. ರೇಟಿನ ಮಾತು ಒಂದೂ ಆಡಿಲ್ಲ. ನನಗೆ ಸೈಕಲ್ ತುಳಿಯಕ್ಕೆ ಇಷ್ಟ. ಸುಮ್ನೆ ಬರ್ತಿದ್ದೆ. ಶ್ರೀರಂಗಯ್ಯ ನನ್ನ ಹೆಸರು ಹೇಳ್ಕೊಂಡು ನಿಮಗೆ ಮೋಸ ಮಾಡಿದಾನೆ.”

ಹಿರಿಯನೊಬ್ಬ ಕ್ಯಾನು ಕೆಳಗಿಟ್ಟು ಮರ್ಯಾದೆಯಿಂದಲೇ ಕೇಳಿದ: “ತಿಪಟೂರಿಂದ ಇಲ್ಲೀಗಂಟ ಸುಮ್ನೆ ಸೈಕಲ್ ತುಳ್ಕಂಡು ಯಾರಾರ ಬತ್ತಾರಾ ಸಾವ್ಕಾರ್ರೇ? ನೀವೇ ಹೇಳಿ.”

“ನಾನು ಬಂದೆ.”

“ರಂಗಯ್ಯ ಸುಳ್ಳ ಅನ್ನಾದು ನಮ್ಗೂ ಗೊತ್ತು ಬುಡಿ. ಆದ್ರೆ ಅವನ ಸುಳ್ಳಾದ್ರೂ ನಂಬಂಗೈತೆ.”

ಡೈರಿಯ ಮುಂದೆ ಎಲ್ಲರೂ ನಕ್ಕರು. ಮೋಸ ಹೋದವರೇ ನಕ್ಕರು. ಆ ನಗು ಶಂಭುಲಿಂಗಯ್ಯನವರಿಗೆ ಮುದುಕಿಯ ಉಗುಳಿಗಿಂತ ಅಸಹ್ಯವಾಗಿ ಕಂಡಿತು. ಮುದುಕಿಗೆ ಸಿಟ್ಟಾದರೂ ಬಂದಿತ್ತು.

ಆ ವಾರ ಅವರು ಶ್ರೀರಂಗಯ್ಯನ ಮೂಟೆಗಳಿಂದ ಬಂದ ದಲಾಲಿಯನ್ನೆಲ್ಲ ಒಂದು ವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಹೊಂಬಾಳಮ್ಮನ ಮುಂದಿಟ್ಟರು. ಹೆಂಚಿಗೆ ಆಗುತ್ತದೆ, ಉಳಿದರೆ ನಿನ್ನ ಹಾಗೆ ಕೊಬ್ಬರಿ ಕಳೆದುಕೊಂಡವರಿಗೆ ಹಂಚು ಎಂದರು. ಅವಳು ಬೇಡವೆನ್ನಲಿಲ್ಲ. ಗಂಟು ಎತ್ತಿ ಮಡಿಲಿಗೆ ಹಾಕಿಕೊಂಡು, “ಮೋಸ ಮಾಡಿಲ್ದಿದ್ರೆ ಯಾಕ್ ತಂದ್ಕೊಡ್ತಿದ್ರಿ?” ಎಂದಳು.

ಶ್ರೀರಂಗಯ್ಯನ ಕೊಬ್ಬರಿ ಪಕ್ಕದ ಮಂಡಿಗೆ ಹೋಯಿತು. ಅಲ್ಲಿಯ ಯಜಮಾನ ಒಂದು ದಿನ ಇವರನ್ನು ತಡೆದು, “ಬುಡಿ ಶಂಭುಲಿಂಗಯ್ನೋರೇ, ಒಳ್ಳೆ ಉಪಾಯ ಮಾಡಿದ್ರಿ. ಗೆಳೆಯನ ಜೊತೆ ಲೆಕ್ಕ ಸರಿಹೋಗ್ಲಿಲ್ಲ ಅಂತ ಕಾಣುತ್ತೆ” ಎಂದು ಕಣ್ಣು ಹೊಡೆದ. ದಿವಾಳಿ ಎಂದಿದ್ದ ಬಾಯಿಗಳೇ ಈಗ ಅವರ ಬುದ್ಧಿವಂತಿಕೆಯನ್ನು ಹೊಗಳುತ್ತಿದ್ದವು. ಬೆಟ್ಟಸ್ವಾಮಿ ಕೂಡ, “ಮೊದ್ಲೇ ಹೇಳಿದ್ರೆ ನಾನು ಸಕ್ಕರೆ ಕಾಯಿಲೆ ಅಂತಿರ್ನಿಲ್ಲ ಭಾವ” ಎಂದ, ಮೆಚ್ಚುಗೆಯಿಂದ. ಮೋಸ ಮಾಡಿದವನೆಂದು ಹೆಸರು ಬಂದ ಮೇಲೆ ಊರಿನಲ್ಲಿ ತಮ್ಮ ಮರ್ಯಾದೆ ಹೆಚ್ಚಾಗಿದೆ ಎಂಬುದು ಅವರಿಗೆ ಗೊತ್ತಾಯಿತು. ಆ ಮರ್ಯಾದೆಯ ನಡುವೆ ನಡೆದಾಡುವುದು ಕೊಳೆತದ್ದನ್ನು ತುಳಿದಂತಿತ್ತು.

ಒಂದು ತಿಂಗಳು ಸೈಕಲ್ಲು ಹಜಾರದ ಗೋಡೆಗೆ ಒರಗಿಕೊಂಡೇ ಇತ್ತು. ಕೊನೆಗೆ ಒಂದು ಬೆಳಿಗ್ಗೆ ವಿಮಲಮ್ಮನೇ ಕೇಳಿದರು.

“ಅದನ್ನ ಮಾರಿಬಿಡ್ತೀರಾ?”

“ನೀನೂ ನಾನು ರೇಟ್ ನೋಡಕ್ಕೆ ಹೋಗ್ತಿದ್ದೆ ಅಂದ್ಕೊಂಡಿದೀಯಾ?”

ವಿಮಲಮ್ಮ ಸೆರಗಿನಿಂದ ಸೀಟಿನ ಧೂಳು ಒರೆಸಿದರು. “ಇಲ್ಲ ಕಣ್ರೀ. ನಿಮಗೆ ಅಷ್ಟು ಉಪಾಯ ಬರಲ್ಲ. ಬರೋ ಹಾಗಿದ್ರೆ ಕಾರ್ ತಗೊಂಡಿರ್ತಿದ್ರಿ.”

ಇಡೀ ತಾಲೂಕಿನಲ್ಲಿ ತಮ್ಮನ್ನು ನಂಬಿದವಳು ಹೀಗೆ ನಂಬಿದ್ದಾಳಲ್ಲ ಎಂದು ಶಂಭುಲಿಂಗಯ್ಯನವರಿಗೆ ನಗು ಬಂತು, ಪೂರ್ತಿ ಬರಲಿಲ್ಲ. ಪೈಜಾಮ ಹಾಕಿಕೊಂಡು ಹೊರಟರು. ನೊಣವಿನಕೆರೆಯ ಕಡೆಗೆ ತಿರುಗದೆ ಚಿಕ್ಕನಾಯಕನಹಳ್ಳಿಯ ರಸ್ತೆ ಹಿಡಿದರು.

ದಾರಿಯ ಹಳ್ಳಿಗಳಲ್ಲಿ ಅವರು ನಿಲ್ಲಲಿಲ್ಲ. ಎಳನೀರಿಗೆ ಕರೆದರೂ ನಿಲ್ಲಲಿಲ್ಲ. ಯಾವುದೋ ಹೊಲದ ಬಳಿ ಮುಳ್ಳು ಚುಚ್ಚಿ ಹಿಂದಿನ ಚಕ್ರದ ಗಾಳಿ ಇಳಿಯಿತು. ಸೈಕಲ್ಲು ತಳ್ಳಿಕೊಂಡು ನಡೆಯುತ್ತಿದ್ದಾಗ ಹಿಂದಿನಿಂದ ಖಾಲಿ ಕೊಬ್ಬರಿ ಲಾರಿಯೊಂದು ಬಂದು ನಿಧಾನವಾಯಿತು. ಡ್ರೈವರನ ಪಕ್ಕದಲ್ಲಿ ಶ್ರೀರಂಗಯ್ಯ ಕೂತಿದ್ದ. ಈಗ ಈ ಕಡೆಯ ಹಳ್ಳಿಗಳಲ್ಲೂ ಅವನ ಖರೀದಿ ಶುರುವಾಗಿತ್ತು.

“ಹತ್ಲಾ ಶಂಭು, ಸೈಕಲ್ ಮ್ಯಾಲೆ ಹಾಕ್ಸಾನ. ಈ ಬಿಸ್ಲಾಗೆ ಎಲ್ಲೀಗಂಟ ತಳ್ತೀಯ?”

ಎಷ್ಟೋ ವರ್ಷದ ಗೆಳೆತನದ ದನಿಯೇ ಅದು, ಏನೂ ಆಗಿಲ್ಲವೆಂಬಂತೆ. ಶಂಭುಲಿಂಗಯ್ಯನವರು ತಲೆಯೆತ್ತದೆ ತಳ್ಳುತ್ತಲೇ ಹೋದರು. ಲಾರಿ ಸ್ವಲ್ಪ ದೂರ ಅವರ ಪಕ್ಕದಲ್ಲೇ ತೆವಳಿ, ಆಮೇಲೆ ಹೊಗೆ ಬಿಟ್ಟು ಮುಂದಕ್ಕೆ ಹೋಯಿತು. ಅದರ ಹಿಂದೆ ಕೊಬ್ಬರಿಯ ಕಮಟು ವಾಸನೆ ರಸ್ತೆಯ ಮೇಲೆ ಬಹಳ ಹೊತ್ತು ನಿಂತಿತ್ತು. ಮೂಗಿಗೆ ವಸ್ತ್ರ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಪಂಕ್ಚರ್ ಹಾಕುವ ಅಂಗಡಿ ಸಿಗುವವರೆಗೂ ನಡೆದರು. ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತ, “ಎಲ್ಲೀಗೆ ಹೊಂಟ್ರಿ ಸ್ವಾಮಿ?” ಎಂದು ಕೇಳಿದ.

‘ಸುಮ್ನೆ’ ಎಂದರೆ ಇವನೂ ನಂಬುವವನಲ್ಲವೆಂದು ಶಂಭುಲಿಂಗಯ್ಯನವರು, ಅವನು ಕೆಲಸ ಮುಗಿಸುವವರೆಗೆ, ಬೆನ್ನು ತಿರುಗಿಸಿ ನಿಂತಿದ್ದು, ಕಾಸು ಕೊಟ್ಟು, ಬಿಸಿಲಿನಲ್ಲೇ ಮತ್ತೆ ಹತ್ತಿ ತುಳಿದರು. ಚಿಕ್ಕನಾಯಕನಹಳ್ಳಿ ಇನ್ನೂ ದೂರವಿತ್ತು.